ಸವಳು ಹೊಲ ತನಗೇ ಇಟ್ಟುಕೊಂಡ ಅಪ್ಪ

ಅಪ್ಪ ತೀರಿಕೊಂಡು ವರ್ಷ ತುಂಬಿತು. ವರ್ಷದ ಕಾರ್ಯಕ್ಕೆ ಬಂದ ಬೀಗರು, ಊರವರು ಉಂಡು ಎದ್ದ ಮೇಲೆ ಮನೆಯವರು ನಾಲ್ಕೈದು ಮಂದಿ ಕೆಳಗಿನ ಹೊಲದ ತನಕ ಹೋಗಿ ಬಂದೆವು. ಬದುವಿನ ಮೇಲೆ ನಿಂತಾಗ ದೊಡ್ಡಪ್ಪನ ಹಿರಿಮಗ ಅಂದ: "ಈ ಬಸಿಗಾಲುವಿ ಕಥೀನ ಎಲ್ಲ್ಯಾದ್ರೂ ಬರದಿಡೋ ತಮ್ಮಾ. ನಮ್ಮ ಹುಡುಗರಿಗೆ ಇದು ಯಾರು ತೋಡಿದ್ದು ಅಂತನ ಗೊತ್ತಿಲ್ಲ." ಅದಕ್ಕೇ ಈ ಬರಹ. ಇದರಲ್ಲಿ ಅರ್ಧ ಮನೆ ಮಾತು, ಅರ್ಧ ಹೊಲದ ಮಾತು. ಎರಡನ್ನೂ ಬೇರೆ ಮಾಡಿ ಬರೆಯೋದಕ್ಕೆ ಹೋದೆ, ಆಗಲಿಲ್ಲ.

ನಮ್ಮೂರು ಗೊರೇಬಾಳ, ಸಿಂಧನೂರು ತಾಲೂಕು. ಈಗ ನೋಡಿದವರಿಗೆ ಎಲ್ಲಿ ಕಣ್ಣು ಹಾಯಿಸಿದರೂ ಭತ್ತ. ನಾವು ಅದಕ್ಕೆ ನೆಲ್ಲು ಅಂತೇವೆ. ಆದರೆ ಇದು ಮೂಲದಲ್ಲಿ ಎರಿ ನೆಲ, ಜೋಳದ ಸೀಮೆ. ತುಂಗಭದ್ರಾ ಡ್ಯಾಮಿಗೆ 1945ರ ಫೆಬ್ರುವರಿ 28ರಂದು ಅಡಿಗಲ್ಲು ಬಿತ್ತು. ಅದೇ ವರ್ಷದ ಮುಂಗಾರಿನಲ್ಲಿ ಅಪ್ಪ ಹುಟ್ಟಿದ್ದು ಅಂತ ನಮ್ಮಜ್ಜಿ ಲೆಕ್ಕ ಹೇಳುತ್ತಿದ್ದಳು. ಆಗ ನಾವು ನಿಜಾಮನ ರಾಜ್ಯದಲ್ಲಿದ್ದೆವು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1953ರಲ್ಲಿ ಡ್ಯಾಮಿನಿಂದ ಕಾಲುವೆಗೆ ಮೊದಲ ನೀರು ಬಿಟ್ಟರು, 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಪ್ಪ ಶಾಲೆ ಕಲಿತದ್ದು ನಾಲ್ಕನೇ ಇಯತ್ತೆ ಮಟ್ಟ. ಕೂಡಿಸಿ ಕಳೆಯುವುದು ಬರುತ್ತಿತ್ತು, ಹೆಸರು ಬರೆಯಲು ಬರುತ್ತಿತ್ತು.

ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಇಂದು ಅದನ್ನು ನೋಡಿ ಯಂತ್ರದಿಂದ ತೋಡಿದ್ದು ಅಂತ ಹುಡುಗರು ತಿಳಿಯುತ್ತಾರೆ. ಮಣ್ಣು ಕೆಲಸದ ಬಹುಪಾಲು ಆಗಿದ್ದು ಗುದ್ದಲಿ, ಬುಟ್ಟಿ, ಮಂದಿ ತಲೆಯ ಮೇಲೆ. ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಮೀಸೆ ಚಿಗುರುವ ವಯಸ್ಸಿಗೇ ಆ ಕೆಲಸಕ್ಕೆ ಹೋದವನು. ಅಪ್ಪನಿಗಿಂತ ಹತ್ತು ವರ್ಷ ದೊಡ್ಡವನು. ವಾರಕ್ಕೊಮ್ಮೆ ಊರಿಗೆ ಬರುವಾಗ ಪಗಾರ ತಂದು ಅಜ್ಜಿ ಕೈಗೆ ಕೊಡುತ್ತಿದ್ದನಂತೆ. ಈ ಸಂಗತಿ ನನಗೆ ಬಹಳ ತಡವಾಗಿ ತಿಳಿಯಿತು. ತಡವಾಗಿ ತಿಳಿದದ್ದರಿಂದಲೇ ಒಂದು ತಪ್ಪು ನಡೆಯಿತು. ಅದನ್ನು ಮುಂದೆ ಹೇಳುತ್ತೇನೆ.

ಕಾಲುವೆ ಬರುತ್ತದೆ ಅಂದ ಕೂಡಲೇ ಆಂಧ್ರದ ಕರಾವಳಿ ಜಿಲ್ಲೆಗಳಿಂದ ರೈತರು ಬಂದರು. ಅಲ್ಲಿ ಒಂದೆಕರೆ ಮಾರಿ ಇಲ್ಲಿ ಹಲವು ಎಕರೆ ಕೊಂಡರು, ಹೊಲದಲ್ಲೇ ಗುಡಿಸಲು ಹಾಕಿದರು, ಅವೇ ಇಂದಿನ ಕ್ಯಾಂಪುಗಳು. ನಮ್ಮ ಮಂದಿಗೆ ನೀರಾವರಿ ಗೊತ್ತಿರಲಿಲ್ಲ. ಎರಿ ಹೊಲಕ್ಕೆ ನೀರು ಬಿಟ್ಟರೆ ಎತ್ತಿನ ಕಾಲು ಹುಗಿಯುತ್ತದೆ, ಬೆಳೆ ಕೊಳೆಯುತ್ತದೆ ಅಂತ ಹೆದರಿ ಎಷ್ಟೋ ಮನೆಗಳು ಅಗ್ಗಕ್ಕೆ ಮಾರಿಕೊಂಡವು. ಅವರನ್ನು ಬೈಯುವವರು ಇಂದೂ ಇದ್ದಾರೆ. ನಾನು ಬೈಯುವುದಿಲ್ಲ. ಮಡಿ ಸಮ ಮಾಡುವುದು, ಸಸಿ ಹಚ್ಚುವುದು, ನೀರು ಕಟ್ಟುವುದು ನಾವು ಕಲಿತದ್ದು ಅವರಿಂದಲೇ. ಕ್ಯಾಂಪಿನ ಹಿರಿಯರೊಬ್ಬರು ಅಪ್ಪನಿಗೆ ಬದುವಿನ ಮೇಲೆ ನಿಂತು ತೆಲುಗಿನಲ್ಲಿ ಪಾಠ ಹೇಳುತ್ತಿದ್ದರು, ಅಪ್ಪ ಕನ್ನಡದಲ್ಲಿ ಹೂಂಗುಟ್ಟುತ್ತಿದ್ದ. ಅವರು ಇರುವ ತನಕ ಎಳ್ಳಅಮಾವಾಸ್ಯೆ ದಿನ ಚರಗ ಚೆಲ್ಲಿ ಬಂದ ಮೇಲೆ ನಮ್ಮ ಮನೆಯಿಂದ ಒಂದು ಬುತ್ತಿ ಕ್ಯಾಂಪಿಗೆ ಹೋಗುತ್ತಿತ್ತು. ಅವರಿಗೆ ಸಜ್ಜಿ ರೊಟ್ಟಿ, ಪುಂಡಿಪಲ್ಯ ಬಹಳ ಸೇರುತ್ತಿತ್ತು.

ನಮ್ಮದು ಒಟ್ಟು ಎಂಟು ಎಕರೆ. ತೂಬಿನ ಹತ್ತಿರ ಮೇಲಿನ ನಾಲ್ಕು, ಹಳ್ಳದ ಕಡೆ ಕೆಳಗಿನ ನಾಲ್ಕು. ಅಣ್ಣತಮ್ಮರು ಕೂಡಿ ಮಾಡುತ್ತಿದ್ದರು. 1972ರ ಬರ ದಾಟುವಾಗ ಮೇಲಿನ ಹೊಲದ ಜೋಳವೇ ಮನೆ ಹಿಡಿಯಿತು ಅಂತ ಅವ್ವ ಹೇಳುತ್ತಾಳೆ. ಅದಾಗಿ ಎರಡು ಮೂರು ವರ್ಷಕ್ಕೆ ದೊಡ್ಡಪ್ಪ ರಾತ್ರಿ ಪಾಳಿಯ ನೀರು ತಿರುಗಿಸಲು ಹೋದವನು ಹಾವು ಕಡಿದು ಸತ್ತ. ಕಂದೀಲು ಬದುವಿನ ಮೇಲೆ ಉರಿಯುತ್ತಲೇ ಇತ್ತಂತೆ. ಆಗ ಅವನ ಮಕ್ಕಳಲ್ಲಿ ಹಿರಿಯವನಿಗೆ ಏಳು ವರ್ಷ, ಕಿರಿಯವನಿಗೆ ಮೂರು. ನಾವು ಮನೆಯಲ್ಲಿ ಇಬ್ಬರು ಅಕ್ಕಂದಿರು, ನಾನು, ಆಮೇಲೆ ಹುಟ್ಟಿದ ತಮ್ಮ.

ಅಂದಿನಿಂದ ಅಪ್ಪನಿಗೆ ಆರು ಮಕ್ಕಳು. ಹೀಗೆ ಹೇಳಿದರೆ ಸಿನಿಮಾದ ಮಾತಿನ ಹಾಗೆ ಕೇಳಬಹುದು, ಹಾಗಾಗಿ ದಿನದ ಸಂಗತಿ ಹೇಳುತ್ತೇನೆ. ನಸುಕಿನ ನಾಲ್ಕಕ್ಕೆ ಏಳುತ್ತಿದ್ದ. ಎತ್ತಿಗೆ ಕಣಿಕಿ ಹಾಕಿ, ಸಗಣಿ ಬಳಿದು, ಹೊಲಕ್ಕೆ ಹೋದರೆ ಬುತ್ತಿ ನಾವು ಒಯ್ಯಬೇಕು. ಬುತ್ತಿಯಲ್ಲಿ ಎಷ್ಟು ರೊಟ್ಟಿ ಐತಿ ಅಂತ ನೋಡಿ, "ಮನ್ಯಾಗ ದೊಡ್ಡವ್ವ ಉಂಡಳೇನು?" ಅಂತ ಕೇಳಿದ ಮೇಲೆ ಬಿಚ್ಚುತ್ತಿದ್ದ. ದೀಪಾವಳಿಗೆ ಬಟ್ಟೆ ತಂದರೆ ಮೊದಲು ಅಣ್ಣನ ಮಕ್ಕಳದ್ದು ಆರಿಸಿ ತೆಗೆಯುತ್ತಿದ್ದ, ಉಳಿದದ್ದು ನಮಗೆ. ಒಂದು ವರ್ಷ ನನಗೆ ಬಂದ ಅಂಗಿ ಮೊಳಕೈ ಮುಟ್ಟದಷ್ಟು ಗಿಡ್ಡ. ನಾನು ಅತ್ತದ್ದಕ್ಕೆ ಒಂದು ಏಟೂ ಬಿತ್ತು.

ಅಪ್ಪನ ಲೆಕ್ಕ ಗೋಡೆಯ ಮೇಲೆ. ಪಡಸಾಲೆಯ ಗೋಡೆಯಲ್ಲಿ ಒಂದು ಮೊಳ ಚೌಕದ ಜಾಗದಲ್ಲಿ ಇದ್ದಲಿನಿಂದ ಗೆರೆ ಹಾಕುತ್ತಿದ್ದ. ಎಷ್ಟು ಚೀಲ ಬಂತು, ದಲಾಲಿ ಅಂಗಡಿಯಿಂದ ಎಷ್ಟು ತಂದದ್ದು, ನೀರಿನ ಪಾಳಿ ಎಷ್ಟು ತಪ್ಪಿತು, ಎಲ್ಲಾ ಅದರಲ್ಲಿ. ಅವ್ವ ಪ್ರತಿ ವರ್ಷ ಸುಣ್ಣ ಬಳಿಯುವಾಗ ಆ ಚೌಕ ಬಿಟ್ಟು ಸುತ್ತ ಬಳಿಯುತ್ತಿದ್ದಳು. ಹೊಸ ಮನೆ ಕಟ್ಟಲು ಆ ಗೋಡೆ ಕೆಡವಿದಾಗ ನಾವು ಯಾರೂ ಅದರ ಬಗ್ಗೆ ಯೋಚಿಸಲಿಲ್ಲ. ಒಂದು ಫೋಟೋ ಕೂಡ ತೆಗೆದಿಡಲಿಲ್ಲ.

ಪಾಲಿನ ದಿನ

ನನಗೆ ಇಪ್ಪತ್ತು ತುಂಬಿದ ವರ್ಷ, 1990ರ ಸುಮಾರಿಗೆ, ಅಪ್ಪ ತಾನೇ ಪಾಲಿನ ಮಾತು ತೆಗೆದ. ಅಣ್ಣನ ಹಿರಿಮಗನಿಗೆ ಲಗ್ನವಾಗಿತ್ತು. ಊರ ಹಿರಿಯರು ಬಂದು ಕೂತರು. ಮೇಲಿನದರಲ್ಲಿ ಎರಡು ಎಕರೆ, ಕೆಳಗಿನದರಲ್ಲಿ ಎರಡು ಎಕರೆ ಇಬ್ಬರಿಗೂ ಬರಲಿ ಅಂದರು. ನ್ಯಾಯದ ಮಾತೇ. ಅಪ್ಪ ಒಪ್ಪಲಿಲ್ಲ. ಮೇಲಿನ ನಾಲ್ಕೂ ಅಣ್ಣನ ಮಕ್ಕಳಿಗೆ, ಕೆಳಗಿನ ನಾಲ್ಕು ತನಗೆ ಅಂದ.

ಆ ಹೊತ್ತಿಗೆ ಕೆಳಗಿನ ಹೊಲ ಹೇಗಿತ್ತು ಅಂದರೆ, ನಾಲ್ಕರಲ್ಲಿ ಎರಡೂವರೆ ಎಕರೆ ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಬಳ್ಳಾರಿ ಜಾಲಿ ಬಿಟ್ಟರೆ ಬೇರೆ ಏಳುತ್ತಿರಲಿಲ್ಲ. ಸಸಿ ಹಚ್ಚಿದರೆ ತುದಿ ಸುಟ್ಟು ಹದಿನೈದು ದಿನಕ್ಕೆ ನೀರಲ್ಲೇ ಕರಗಿ ಹೋಗುತ್ತಿತ್ತು. ನಮ್ಮ ಕಾಲುವೆ ಯೋಜನೆಯಲ್ಲಿ ಹೆಚ್ಚಿನ ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಅಂತ ಇತ್ತು. ಮೇಲ್ಭಾಗದಲ್ಲಿ ಎಲ್ಲರೂ ಎರಡು ಬೆಳೆ ನೆಲ್ಲು ಹಾಕಿದರು. ಕಾಲುವೆ ಕೊನೆಯ ಮಾನ್ವಿ, ರಾಯಚೂರು ಕಡೆಯವರಿಗೆ ನೀರು ಮುಟ್ಟಲಿಲ್ಲ. ನಡುವೆ ತಗ್ಗಿನ ಹೊಲಗಳಿಗೆ ಬೇಡದ ನೀರು ಬಸಿದು ಬಂದು ನಿಂತಿತು. ಎರಿ ನೆಲ ನೀರು ಕೆಳಗೆ ಬಿಡುವುದಿಲ್ಲ. ತಳದ ನೀರು ಮೇಲಕ್ಕೆ ಬಂದರೆ, ಬೇಸಿಗೆಯಲ್ಲಿ ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಅದು ಉಪ್ಪನ್ನು ಹೊತ್ತುಕೊಂಡು ಏರುತ್ತದೆ. ನೀರು ಆರಿಹೋಗಿ ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ನಾವು ಮೇಲಿನ ಹೊಲದಲ್ಲಿ ಕಟ್ಟಿದ ನೀರೂ ನಮ್ಮ ಕೆಳಗಿನ ಹೊಲವನ್ನು ಕೆಡಿಸಿತ್ತು. ಯಾರ ಮೇಲೆ ಹಾಕುವುದು?

ಹಿರಿಯರ ಮುಂದೆ ನಾನು ಬಾಯಿ ಮಾಡಿದೆ. "ಸ್ವಂತ ಮಕ್ಕಳ ಬಾಯಿಗೆ ಸವಳು ಹಾಕ್ತಿಯೇನು?" ಅಂದೆ. ಅಪ್ಪ ಉತ್ತರ ಕೊಡಲಿಲ್ಲ. ಎದ್ದು ಎತ್ತಿಗೆ ನೀರು ತೋರಿಸಲು ಹೋದ. ಅವ್ವನೂ ಅಂದು ನನ್ನ ಕಡೆ ಇದ್ದಳು, ಆದರೆ ಮಂದಿಯೆದುರು ಮಾತಾಡಲಿಲ್ಲ. ಪಾಲು ಅಪ್ಪ ಹೇಳಿದಂತೆಯೇ ಆಯಿತು. ನಾನು ಸಿಂಧನೂರಿನ ಗಂಜಿನಲ್ಲಿ ಒಂದು ಅಂಗಡಿಯಲ್ಲಿ ಚೀಲ ತೂಗುವ ಕೆಲಸಕ್ಕೆ ಸೇರಿದೆ. ಮನೆಗೆ ಮಲಗಲು ಬರುತ್ತಿದ್ದೆ. ಅಪ್ಪನ ಜೊತೆ ಒಂದು ಮುಂಗಾರು, ಒಂದು ಹಿಂಗಾರು ಮಾತಿಲ್ಲ.

ಅಪ್ಪ ಮಾಡಿದ ಕೆಲಸ

ಮೊದಲ ವರ್ಷ ಯಾರೋ ಹೇಳಿದರೆಂದು ಜಿಪ್ಸಂ ತಂದು ಹಾಕಿದ. ಸಾಲ ಮಾಡಿ ತಂದದ್ದು. ಏನೂ ಆಗಲಿಲ್ಲ. ಇದನ್ನು ಬರೆಯುತ್ತಿರುವುದು ಇಂದೂ ನಮ್ಮ ಭಾಗದಲ್ಲಿ ಬಿಳಿ ಕಂಡ ಕೂಡಲೇ ಜಿಪ್ಸಂ ಸುರಿಯುವವರು ಇದ್ದಾರೆ ಅಂತ. ಮಣ್ಣು ಕೆಡುವುದರಲ್ಲಿ ಎರಡು ಜಾತಿ. ಒಂದು ಬರೀ ಉಪ್ಪಿನದು, ಇನ್ನೊಂದು ಸೋಡಿಯಂ ಹೆಚ್ಚಾದ ಕ್ಷಾರದ್ದು. ರಸಸಾರ ಎಂಟೂವರೆ ದಾಟಿದ ಕ್ಷಾರ ಮಣ್ಣಿಗೆ ಜಿಪ್ಸಂ ಬೇಕು. ಬರೀ ಉಪ್ಪಿನ ಮಣ್ಣಿಗೆ ಬೇಕಾದದ್ದು ಒಳ್ಳೆಯ ನೀರು, ಮತ್ತು ಆ ನೀರು ಹೊರಗೆ ಹೋಗುವ ದಾರಿ. ಕಣ್ಣಿಗೆ ಎರಡೂ ಒಂದೇ ತರ ಕಾಣಬಹುದು. ಅಪ್ಪ ಆಮೇಲೆ ಮೂರು ಕಡೆ ಮಣ್ಣು ತೆಗೆದು ಚೀಲದಲ್ಲಿ ಕಟ್ಟಿಕೊಂಡು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಬಸ್ಸಿನಲ್ಲಿ ಹೋದ. ನಮ್ಮದು ಉಪ್ಪಿನ ಮಣ್ಣು ಅಂತ ತಿಳಿಯಿತು. ಈ ಕೇಂದ್ರ ತುಂಗಭದ್ರಾ ಕಾಲುವೆ ಪ್ರದೇಶದ ಸವಳು, ಜವಳಿನ ಬಗ್ಗೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದೆ. ನೆಲದೊಳಗೆ ತೂತಿನ ಪೈಪು ಹುಗಿದು ನೀರು ಬಸಿಯುವ ಪದ್ಧತಿಯನ್ನೂ ಅಲ್ಲಿ ನೋಡಬಹುದು. ನಮಗೆ ಪೈಪಿಗೆ ದುಡ್ಡಿರಲಿಲ್ಲ. ಅಪ್ಪನಿಗೆ ಗುದ್ದಲಿ ಇತ್ತು.

ಎರಡನೇ ಬೇಸಿಗೆ ಬಸಿಗಾಲುವೆ ಶುರು ಮಾಡಿದ. ಹೊಲದ ತಗ್ಗಿನ ಅಂಚಿಗೆ, ಮೂರು ಅಡಿ ಆಳ. ಮೇಲೆ ಅಗಲ, ತಳಕ್ಕೆ ಕಿರಿದು, ಇಲ್ಲದಿದ್ದರೆ ಎರಿ ಮಣ್ಣು ಮಳೆಗೆ ಜರಿಯುತ್ತದೆ. ಓಟ ಸರಿ ಐತೋ ಇಲ್ಲೋ ನೋಡಲು ಹತ್ತು ಹೆಜ್ಜೆಗೊಂದು ಕೊಡ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆ ಅಂತ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಹಳ್ಳಕ್ಕೆ ನೇರ ದಾರಿ ಕೆಳಗಿನವರ ಹೊಲದಲ್ಲಿ. ಅವರು ಬಿಡಲಿಲ್ಲ. ನಿಮ್ಮ ಉಪ್ಪು ನೀರು ನಮಗ್ಯಾಕೆ ಅಂದರು, ತಪ್ಪಲ್ಲ. ಹೊಡೆದಾಟಕ್ಕೆ ಹೋಗಬಹುದಿತ್ತು, ಇಂಥದ್ದಕ್ಕೇ ಕೋರ್ಟು ಹತ್ತಿದ ಮನೆಗಳು ನಮ್ಮ ಕಡೆ ಬಹಳ. ಅಪ್ಪ ಅವರ ಬದುವಿನ ಗುಂಟ ಸುತ್ತು ಹಾಕಿ ಇನ್ನೊಂದು ಅಷ್ಟೇ ಉದ್ದ ಹೆಚ್ಚು ತೋಡಿದ. ತೆಗೆದ ಮಣ್ಣಿನಿಂದ ಅವರ ಬದುವನ್ನೇ ಗಟ್ಟಿ ಮಾಡಿಕೊಟ್ಟ. ಒಂದು ಬೇಸಿಗೆಗೆ ಮುಗಿಯಲಿಲ್ಲ, ಎರಡು ಬೇಸಿಗೆ ಹಿಡಿಯಿತು. ಅಪ್ಪ ಅಗೆಯುತ್ತಿದ್ದ, ಅವ್ವ ಬುಟ್ಟಿ ಹೊರುತ್ತಿದ್ದಳು. ನಾನು ಗಂಜಿನಲ್ಲಿ ಮಂದಿಯ ನೆಲ್ಲು ತೂಗುತ್ತಿದ್ದೆ.

ಒಂದು ಅಮಾವಾಸ್ಯೆ ದಿನ ಅಂಗಡಿ ರಜೆ. ದೊಡ್ಡವ್ವ ನನ್ನನ್ನು ಕರೆದು ಕೂರಿಸಿಕೊಂಡಳು. ಕಾಲುವೆ ಬರುವಾಗ ಮೇಲಿನ ಹೊಲ ಮಾರುವ ಮಾತು ನಮ್ಮಜ್ಜ ಕೊಟ್ಟಿದ್ದನಂತೆ. ಮುಂಗಡವನ್ನೂ ತಗೊಂಡಾಗಿತ್ತು. ಹದಿನೇಳು ಹದಿನೆಂಟರ ಹುಡುಗ ದೊಡ್ಡಪ್ಪ ಕಾಲುವೆಯ ಮಣ್ಣು ಹೊತ್ತ ಪಗಾರದಿಂದ ಆ ಮುಂಗಡ ತಿರುಗಿ ಕೊಟ್ಟು ಹೊಲ ಬಿಡಿಸಿದ. "ಅದು ನಿಮ್ಮಪ್ಪಗ ಗೊತ್ತಿತ್ತೋ ಯಪ್ಪಾ. ಸತ್ತವರು ಬಂದು ಪಾಲು ಕೇಳ್ತಾರೇನು?" ಅಂದಳು. ಇಷ್ಟನ್ನು ಅಪ್ಪ ಪಾಲಿನ ದಿನ ನನಗೆ ಹೇಳಬಹುದಿತ್ತು. ಹೇಳಲಿಲ್ಲ. ಅವನ ಸ್ವಭಾವವೇ ಹಾಗೆ, ಹೇಳಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು ಅಂತ ನನಗೆ ಇಂದೂ ಅನ್ನಿಸುತ್ತದೆ.

ಮರುದಿನ ನಸುಕಿಗೆ ನಾನೊಂದು ಗುದ್ದಲಿ ತಗೊಂಡು ಹೋದೆ. ಅಪ್ಪ ತಿರುಗಿ ನೋಡಿ, "ಅಲ್ಲಿ ತಳ ಏರೈತಿ, ಇನ್ನೊಂದು ನಾಲ್ಕು ಬೆರಳು ತಗಿ" ಅಂದ. ಅಷ್ಟೇ ಮಾತು.

ಬಸಿಗಾಲುವೆ ಹಳ್ಳ ಮುಟ್ಟಿದ ಮೇಲೆ ತೊಳೆಯುವ ಕೆಲಸ. ಹೊಲವನ್ನು ಸಣ್ಣ ಸಣ್ಣ ಮಡಿ ಮಾಡಿದೆವು. ಜುಲೈ, ಆಗಸ್ಟ್‌ನಲ್ಲಿ ಕಾಲುವೆ ತುಂಬಿ ಹರಿಯುವಾಗ ನೀರು ನಿಲ್ಲಿಸಿ, ಎರಡು ಮೂರು ದಿನ ಬಿಟ್ಟು ಬಸಿಗಾಲುವೆಗೆ ಬಿಡುವುದು. ಮತ್ತೆ ಕಟ್ಟುವುದು, ಮತ್ತೆ ಬಿಡುವುದು. ಮೊದಮೊದಲು ಹೊರಗೆ ಹೋಗುವ ನೀರನ್ನು ಅಪ್ಪ ಬೆರಳಲ್ಲಿ ಅದ್ದಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದ. ಆಮೇಲೆ ಎಕರೆಗೆ ಹತ್ತು ಹನ್ನೆರಡು ಕಿಲೋ ಡಯಂಚ ಬಿತ್ತಿ, ಹೂ ಬಿಡುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಮುಗ್ಗರಿಸಿ ಕೊಳೆಸಿದೆವು. ಡಯಂಚ ಸವಳಿನಲ್ಲೂ ಏಳುತ್ತದೆ, ಅದರ ಬೇರು ಗಟ್ಟಿ ನೆಲ ಒಡೆಯುತ್ತದೆ. ಹಿಂಗಾರಿನ ಎರಡನೇ ನೆಲ್ಲು ಪೂರ್ತಿ ಬಿಟ್ಟೆವು. ನೀರು ಕಡಿಮೆಯಾದಾಗಲೇ ಉಪ್ಪು ಏರುವುದು. ಅದಕ್ಕೆ ಸುಗ್ಗಿ ಮುಗಿದ ಕೂಡಲೇ ನೆಲ ಹಸಿ ಇರುವಾಗಲೇ ರಂಟೆ ಹೊಡೆದು ಬಿಡುತ್ತಿದ್ದ. ನೆಲದ ಮೇಲ್ಪದರ ಸಡಿಲಾದರೆ ತಳದ ನೀರು ಮೇಲೆ ಹತ್ತುವುದು ಕಡಿಮೆ. ಸಸಿಯನ್ನು ಎಳೆಯದು ಹಚ್ಚಬಾರದು, ತಿಂಗಳು ದಾಟಿದ ಬಲಿತ ಸಸಿ, ಒಂದು ಕುಣಿಗೆ ನಾಲ್ಕೈದು. ಹೋಗುವುದು ಒಂದೆರಡು ಹೋದರೂ ಉಳಿದವು ತೆಂಡೆ ಒಡೆಯುತ್ತವೆ.

ತೊಳೆದ ಮೊದಲ ವರ್ಷ ಎಕರೆಗೆ ಎಂಟು ಚೀಲ ಬಂತು, 75 ಕಿಲೋ ಚೀಲ. ಖರ್ಚು ಹುಟ್ಟಲಿಲ್ಲ. ಎರಡನೇ ವರ್ಷ ಹದಿನೈದು. ಮೂರನೇ ವರ್ಷ ಜಿಗಿಹುಳು ಬಂದು ಮತ್ತೆ ಕೆಳಗೆ. ಆ ವರ್ಷ ಅಪ್ಪ ಹೆದರಿ ಅಂಗಡಿಯಿಂದ ಉದ್ರಿ ತಂದು ಐದಾರು ಸಲ ಎಣ್ಣೆ ಹೊಡೆದ. ನಮ್ಮಲ್ಲಿ ಔಷಧಕ್ಕೆ ಎಣ್ಣೆ ಅಂತಾರೆ. ಹೊಡೆದಷ್ಟೂ ಹುಳು ಹೆಚ್ಚಾಯಿತು, ಹುಳು ತಿನ್ನುವ ಜೇಡ ಸತ್ತವು. ಒಳ್ಳೆಯ ರೈತ ಅಂತ ಊರೆಲ್ಲ ಹೊಗಳುವ ಅಪ್ಪನೂ ಈ ತಪ್ಪು ಮಾಡಿದ, ಆ ಸಾಲ ತೀರಿಸಲು ಒಂದು ಜೋಡಿ ಎತ್ತು ಹೋದವು. ಎತ್ತು ಕೊಟ್ಟ ದಿನ ಅವನು ರಾತ್ರಿ ಉಣ್ಣಲಿಲ್ಲ. ಏಳನೇ ವರ್ಷಕ್ಕೆ ಅದೇ ಎರಡೂವರೆ ಎಕರೆಯಲ್ಲಿ ಎಕರೆಗೆ 28 ಚೀಲ ಸೋನಾ ಮಸೂರಿ ತೂಗಿದೆವು. ನಾನು ತೂಗಿದ್ದು, ಅಪ್ಪ ಪಕ್ಕದಲ್ಲಿ ನಿಂತು ಬೆರಳು ಮಡಚಿ ಎಣಿಸಿದ್ದು.

ಅಪ್ಪನನ್ನು ದೇವರು ಮಾಡುವ ಆಸೆ ನನಗಿಲ್ಲ. ಸಿಟ್ಟು ಬಹಳ. ದೊಡ್ಡಕ್ಕನನ್ನು ಏಳನೆಯ ಇಯತ್ತೆಗೆ ಬಿಡಿಸಿದ, ಸಸಿ ಹಚ್ಚಲು ಆಳು ಬೇಕಿತ್ತು ಅಂತ. ಅಕ್ಕನಿಗೆ ಓದಿನ ಹುಚ್ಚು ಇತ್ತು. ವರ್ಷದ ಕಾರ್ಯದ ದಿನವೂ ಅವಳು, "ಅಪ್ಪ ಎಲ್ಲಾರಿಗೂ ಕೊಟ್ಟ, ನನ್ನ ಪುಸ್ತಕ ಒಂದು ಕಸಗೊಂಡ" ಅಂದು ಕಣ್ಣೊರೆಸಿಕೊಂಡಳು. ಅವ್ವನ ಸೊಂಟದ ನೋವು ಬುಟ್ಟಿ ಹೊತ್ತ ದಿನಗಳದ್ದು. ದವಾಖಾನೆಗೆ ಕರೆದೊಯ್ಯುವ ಯೋಚನೆ ಅಪ್ಪನಿಗೆ ಬಂದಾಗ ತಡವಾಗಿತ್ತು, ಅವಳೀಗ ಬಾಗಿಯೇ ನಡೆಯುತ್ತಾಳೆ. ಇದು ಅಪ್ಪನಿಗೂ ತಿಳಿದಿತ್ತು. ಕೊನೆಯ ವರ್ಷಗಳಲ್ಲಿ ಅವ್ವನಿಗೆ ಸ್ನಾನದ ನೀರು ಕಾಸಿ ಹಂಡೆಯಿಂದ ತೋಡಿಕೊಡುವ ಕೆಲಸ ಸೊಸೆಯಂದಿರಿಗೆ ಬಿಡಲಿಲ್ಲ. ಎಂಬತ್ತರ ಹತ್ತಿರದಲ್ಲಿ ಬೆಳಗಿನ ನಾಲ್ಕಕ್ಕೆ ಒಲೆ ಹೂಡುತ್ತಿದ್ದ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಮರುದಿನ ಸುದ್ದಿ ಕೇಳಿ ಅಪ್ಪ ಟಿವಿ ಮುಂದೆ ಕೂತವನು ಒಂದು ವಾರ ಅಲ್ಲೇ. ನಾಟಿ ಆಗಿತ್ತು, ಇಡೀ ಸೀಮೆಯ ನೆಲ್ಲು ಆ ನೀರಿನ ಮೇಲೆ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. ತುಂಬಿದ್ದ ಆ ನೀರೂ ಗೇಟಿನಿಂದ ಹೊಳೆಗೆ ಓಡುವುದನ್ನು ನೋಡುತ್ತಾ, "ನಮ್ಮಣ್ಣ ಇದ್ದಿದ್ರ ಬುಟ್ಟಿ ತಗೊಂಡು ಹೋಗ್ತಿದ್ದ" ಅಂದ. ವಾರದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಅಂದು ರಾತ್ರಿ ಅಪ್ಪ ಎರಡು ರೊಟ್ಟಿ ಹೆಚ್ಚು ಉಂಡ.

ಅದಾದ ಮೇಲೆ ಬಹಳ ದಿನ ಇರಲಿಲ್ಲ. ಕೊನೆಯ ತಿಂಗಳು ಹಾಸಿಗೆಯಲ್ಲೇ. ಹೊಲದಿಂದ ಬಂದವರನ್ನೆಲ್ಲ ಒಂದೇ ಕೇಳುತ್ತಿದ್ದ, ಬಸಿಗಾಲುವಿಯಲ್ಲಿ ಆಪು ಬೆಳೆದೈತೇನು ಅಂತ. ಬೆಳೆದಿತ್ತು. ನಾವು ಸುಳ್ಳು ಹೇಳುತ್ತಿದ್ದೆವು.

ಬಸಿಗಾಲುವೆ ಒಮ್ಮೆ ತೋಡಿ ಬಿಟ್ಟರೆ ಮುಗಿಯಲಿಲ್ಲ. ಎರಡು ವರ್ಷ ಹೂಳು ತೆಗೆಯದಿದ್ದರೆ ಆಪು, ಜೊಂಡು ಬೆಳೆದು ನೀರು ನಿಲ್ಲುತ್ತದೆ, ಅಂಚಿನ ಮಡಿಗಳಲ್ಲಿ ಬಿಳಿ ಕಾಣತೊಡಗುತ್ತದೆ. ನಮ್ಮಲ್ಲಿ ಈಗ ಒಂದು ಮೂಲೆಯಲ್ಲಿ ಹತ್ತು ಹೆಜ್ಜೆ ಜಾಗ ಹಾಗೆ ಕಾಣುತ್ತಿದೆ. ವರ್ಷದ ಕಾರ್ಯದ ಮರುವಾರ ದೊಡ್ಡಪ್ಪನ ಮಕ್ಕಳಿಬ್ಬರೂ ಜೆಸಿಬಿ ಬಾಡಿಗೆ ಮಾತಾಡಿಕೊಂಡು ಬಂದರು. ಬಾಡಿಗೆಯಲ್ಲಿ ಅರ್ಧ ಅವರದು ಅಂತ ಮೊದಲೇ ಹೇಳಿದರು, ಅವರ ಹೊಲದ ನೀರೂ ಇದರಲ್ಲೇ ಬಸಿಯುತ್ತದೆ. ಹಳ್ಳದ ಕಡೆಯ ಸುತ್ತಿನಲ್ಲಿ ಯಂತ್ರ ತಿರುಗುವುದಿಲ್ಲ. ಕೆಳಗಿನವರ ಬದುವು ಕೆಡಬಾರದು. ಅಷ್ಟು ಜಾಗವನ್ನು ನಾವು ಮೂವರು, ನನ್ನ ತಮ್ಮನೂ ಸೇರಿ, ಗುದ್ದಲಿಯಲ್ಲೇ ತೆಗೆದೆವು. ಎರಡು ದಿನ ಹಿಡಿಯಿತು. ಇನ್ನೂ ಒಂದು ಮಾರು ಉಳಿದಿದೆ, ಕಾಲುವೆ ನೀರು ಬರುವುದರೊಳಗೆ ಮುಗಿಸಬೇಕು.